ಸಂವಿಧಾನಗಳ ಕರಡುಗಾರ ಬೆನಗಲ್ ನರಸಿಂಗ ರಾವ್

ಚೆನ್ನೈನ ಮರೀನಾ ಕಡಲತೀರದ ಎದುರಿಗೆ ನಿಂತಿರುವ ಪ್ರೆಸಿಡೆನ್ಸಿ ಕಾಲೇಜಿನ ಕೆಂಪು ಕಟ್ಟಡವನ್ನು ಈ ನಗರದ ಕನ್ನಡಿಗರೆಲ್ಲರೂ ಬಲ್ಲರು. ಸರ್ ಸಿ.ವಿ. ರಾಮನ್, ಸುಬ್ರಹ್ಮಣ್ಯನ್ ಚಂದ್ರಶೇಖರ್ ಮುಂತಾದ ವಿಜ್ಞಾನಿಗಳು ಓದಿದ ಕಾಲೇಜು ಅದೆಂದು ಹೆಮ್ಮೆಯಿಂದ ಹೇಳುತ್ತೇವೆ. ಅದೇ ಕಾಲೇಜಿನಲ್ಲಿ ನಮ್ಮ ಕರಾವಳಿಯ ಯುವಕನೊಬ್ಬ ಓದಿದ್ದನೆಂಬುದು, ಮುಂದೆ ಆತ ಭಾರತದ ಸಂವಿಧಾನದ ಮೊದಲ ಕರಡನ್ನು ಸಿದ್ಧಪಡಿಸಿದನೆಂಬುದು, ಬರ್ಮಾ ದೇಶದ ಸಂವಿಧಾನಕ್ಕೂ ಸೊಮಾಲಿಯಾದ ಜನರ ಹಕ್ಕುಗಳಿಗೂ ಅಕ್ಷರರೂಪ ಕೊಡಲು ನೆರವಾದನೆಂಬುದು ಅಷ್ಟಾಗಿ ಯಾರಿಗೂ ನೆನಪಿಲ್ಲ. ಅವರೇ ಸರ್ ಬೆನಗಲ್ ನರಸಿಂಗ ರಾವ್.

ರಾಯರು ಜನಿಸಿದ್ದು 1887ರ ಫೆಬ್ರವರಿ 26ರಂದು, ದಕ್ಷಿಣ ಕನ್ನಡ ಜಿಲ್ಲೆಯ ಚಿತ್ರಾಪುರ ಸಾರಸ್ವತ ಮನೆತನವೊಂದರಲ್ಲಿ. ತಂದೆ ಬೆನಗಲ್ ರಾಘವೇಂದ್ರ ರಾವ್ ವೈದ್ಯರು. ಅಂದು ದಕ್ಷಿಣ ಕನ್ನಡವು ಮದರಾಸು ಪ್ರಾಂತ್ಯದ ಒಂದು ಜಿಲ್ಲೆ. ಅಲ್ಲಿಯ ಮಕ್ಕಳು ಬರೆಯುತ್ತಿದ್ದುದು ಮದರಾಸಿನ ಪರೀಕ್ಷೆ; ಜಿಲ್ಲೆಯ ವ್ಯಾಜ್ಯಗಳು ಮೇಲ್ಮನವಿಗಾಗಿ ಬರುತ್ತಿದ್ದುದು ಮದರಾಸಿನ ಉಚ್ಚ ನ್ಯಾಯಾಲಯಕ್ಕೆ. 1956ರ ನವೆಂಬರ್ 1ರವರೆಗೂ ಮಂಗಳೂರಿನವರಿಗೆ ರಾಜಧಾನಿ ಎಂದರೆ ಮದರಾಸೇ. ಮಂಗಳೂರಿನ ಕೆನರಾ ಹೈಸ್ಕೂಲಿನಲ್ಲಿ ಓದಿದ ನರಸಿಂಗ ರಾಯರು ಇಡೀ ಮದರಾಸು ಪ್ರಾಂತ್ಯಕ್ಕೆ ಮೊದಲಿಗರಾಗಿ ತೇರ್ಗಡೆಯಾದರು. 1905ರಲ್ಲಿ ಇಂಗ್ಲಿಷ್, ಭೌತಶಾಸ್ತ್ರ ಮತ್ತು ಸಂಸ್ಕೃತ ಮೂರರಲ್ಲೂ ಪ್ರಥಮ ದರ್ಜೆಯೊಂದಿಗೆ ಪದವಿ ಪಡೆದರು. ಮರುವರ್ಷ ಗಣಿತದಲ್ಲಿಯೂ ಅದೇ ಸಾಧನೆ. ವಿದ್ಯಾರ್ಥಿವೇತನದ ನೆರವಿನಿಂದ ಕೇಂಬ್ರಿಜ್‌ನ ಟ್ರಿನಿಟಿ ಕಾಲೇಜನ್ನು ಸೇರಿದರು. ಜವಾಹರಲಾಲ್ ನೆಹರೂ ಕೂಡ ಆ ವರ್ಷಗಳಲ್ಲಿ ಅಲ್ಲಿಯೇ ವಿದ್ಯಾರ್ಥಿಯಾಗಿದ್ದರು.

ರಾಯರ ಸೋದರರೂ ಅಸಾಧಾರಣರೇ. ತಮ್ಮ ಬೆನಗಲ್ ರಾಮ ರಾವ್ 1949ರಿಂದ 1957ರವರೆಗೆ ಭಾರತೀಯ ರಿಸರ್ವ್ ಬ್ಯಾಂಕಿನ ಗವರ್ನರ್ ಆಗಿದ್ದರು. ಬ್ಯಾಂಕ್ ನೌಕರರಾದ ನಮ್ಮಂಥವರಿಗೆ ಬೆನಗಲ್ ಎಂಬ ಹೆಸರು ಮೊದಲು ಪರಿಚಯವಾದದ್ದು ಹಳೆಯ ನೋಟುಗಳ ಮೇಲಿನ ಅವರ ಸಹಿಯಿಂದಲೇ. ಅವರ ಮಗಳು, ಲೇಖಕಿ ಶಾಂತಾ ರಾಮ ರಾವ್ ಜನಿಸಿದ್ದು ಇದೇ ಮದರಾಸಿನಲ್ಲಿ. ಇನ್ನೊಬ್ಬ ತಮ್ಮ ಬೆನಗಲ್ ಶಿವ ರಾವ್ ಮದರಾಸಿನಲ್ಲಿ ಆನಿ ಬೆಸೆಂಟ್ ಅವರ ನ್ಯೂ ಇಂಡಿಯಾ ಪತ್ರಿಕೆಯಲ್ಲಿ ದುಡಿದ ಪತ್ರಕರ್ತರು, ಕಾರ್ಮಿಕ ನಾಯಕರು, ಸಂವಿಧಾನ ರಚನಾ ಸಭೆಗೆ ಮದರಾಸಿನಿಂದ ಆಯ್ಕೆಯಾದ ಸದಸ್ಯರು. ಅಣ್ಣನ ಟಿಪ್ಪಣಿಗಳನ್ನೂ ಕರಡುಗಳನ್ನೂ ಸಂಪಾದಿಸಿ 1960ರಲ್ಲಿ ಪುಸ್ತಕವಾಗಿ ಹೊರತಂದವರು ಶಿವ ರಾಯರೇ.

1909ರಲ್ಲಿ ಐಸಿಎಸ್ ಪರೀಕ್ಷೆಯಲ್ಲಿ ಉತ್ತೀರ್ಣರಾದ ನರಸಿಂಗ ರಾಯರಿಗೆ ದೊರೆತದ್ದು ಬಂಗಾಳದ ಸೇವೆ. ಆಡಳಿತ ವಿಭಾಗದಲ್ಲಿ ಮೇಲೇರುವ ಅವಕಾಶವಿದ್ದರೂ ಅವರು ನ್ಯಾಯಾಂಗವನ್ನು ಆರಿಸಿಕೊಂಡು ಪೂರ್ವ ಬಂಗಾಳದ ಜಿಲ್ಲೆಗಳಲ್ಲಿ ನ್ಯಾಯಾಧೀಶರಾದರು. 1925ರಲ್ಲಿ ಅಸ್ಸಾಂ ಸರ್ಕಾರವು ಅವರನ್ನು ಕಾನೂನು ಸಲಹೆಗಾರರಾಗಿಯೂ ಶಾಸನಸಭೆಯ ಕಾರ್ಯದರ್ಶಿಯಾಗಿಯೂ ಕರೆಸಿಕೊಂಡಿತು. ಸುಮಾರು ಎಂಟು ವರ್ಷ ಅವರು ಮಾಡಿದ ಕೆಲಸ ಮಸೂದೆಗಳ ಕರಡು ಬರೆಯುವುದು. ಒಂದು ಪದ ಹೆಚ್ಚಾದರೆ ಅಧಿಕಾರಿಯ ಕೈ ಎಷ್ಟು ಉದ್ದವಾಗುತ್ತದೆ, ಒಂದು ಪದ ಕಡಿಮೆಯಾದರೆ ಸಾಮಾನ್ಯನ ರಕ್ಷಣೆ ಎಷ್ಟು ಕುಗ್ಗುತ್ತದೆ ಎಂಬುದು ಈ ಕೆಲಸದಲ್ಲಿ ಕೈಪಳಗಿದವರಿಗೆ ಮಾತ್ರ ತಿಳಿಯುವ ಸಂಗತಿ. ಮುಂದೆ 1935ರ ಭಾರತ ಸರ್ಕಾರ ಕಾಯಿದೆಗೆ ಸಂಬಂಧಿಸಿದ ಕಾರ್ಯದಲ್ಲಿಯೂ ಅವರು ತೊಡಗಿದರು. 1938ರಲ್ಲಿ ಸರ್ ಪದವಿ ಬಂದಿತು. ಬಳಿಕ ಕಲ್ಕತ್ತಾ ಉಚ್ಚ ನ್ಯಾಯಾಲಯದ ನ್ಯಾಯಮೂರ್ತಿಗಳಾದರು.

ಆದರೆ ನ್ಯಾಯಪೀಠದಲ್ಲಿ ನೆಮ್ಮದಿಯಾಗಿ ಕುಳಿತಿರಲು ಸರ್ಕಾರ ಅವರನ್ನು ಬಿಡಲಿಲ್ಲ. ಜಗಳ ಬಿಗಡಾಯಿಸಿದಲ್ಲೆಲ್ಲ ಅವರಿಗೆ ಕರೆ ಬರುತ್ತಿತ್ತು. 1940ರಲ್ಲಿ ಜಿಐಪಿ ರೈಲ್ವೆ ನೌಕರರು ಯುದ್ಧಕಾಲದ ಬೆಲೆಯೇರಿಕೆಗೆ ತುಟ್ಟಿಭತ್ಯೆ ಕೇಳಿದಾಗ ಆ ವಿವಾದದ ವಿಚಾರಣಾ ನ್ಯಾಯಾಲಯಕ್ಕೆ ಅವರೇ ಅಧ್ಯಕ್ಷರು. ಇಂದು ನಾವು ತಿಂಗಳ ಸಂಬಳದಲ್ಲಿ ಎಣಿಸಿಕೊಳ್ಳುವ ತುಟ್ಟಿಭತ್ಯೆಯ ಹಿಂದಿನ ಚರಿತ್ರೆಯಲ್ಲಿ ರಾಯರ ವರದಿಗೂ ಒಂದು ಸ್ಥಾನವಿದೆ.

ಚೆನ್ನೈನ ಕನ್ನಡಿಗರು ವಿಶೇಷವಾಗಿ ನೆನೆಯಬೇಕಾದದ್ದು ಅದರ ಮರುವರ್ಷದ ಕೆಲಸ. ಸಿಂಧೂ ನದಿಯ ನೀರಿಗಾಗಿ ಪಂಜಾಬ್ ಮತ್ತು ಸಿಂಧ್ ಪ್ರಾಂತ್ಯಗಳ ನಡುವೆ ವಿವಾದವೆದ್ದಾಗ 1941ರಲ್ಲಿ ನೇಮಕವಾದ ಸಿಂಧೂ ಆಯೋಗದ ನೇತೃತ್ವ ರಾಯರದಾಗಿತ್ತು. ನದಿ ಹುಟ್ಟುವ ಮೇಲಿನ ನೆಲದವರು ಇಷ್ಟಬಂದಷ್ಟು ನೀರು ಬಳಸಬಹುದೆಂಬ ವಾದ ಒಂದು ಕಡೆ. ಹರಿವು ಹಿಂದಿನಂತೆಯೇ ಇರಬೇಕು, ಹನಿಯೂ ಕಡಿಮೆಯಾಗಕೂಡದೆಂಬ ಕೆಳಗಿನವರ ವಾದ ಇನ್ನೊಂದು ಕಡೆ. ಆಯೋಗವು ಎರಡನ್ನೂ ಒಪ್ಪಲಿಲ್ಲ. ಒಪ್ಪಂದವಿಲ್ಲದ ಕಡೆ ಹಂಚಿಕೊಂಡು ಬಾಳುವ ನದಿಯಲ್ಲಿ ಪ್ರತಿ ಪ್ರಾಂತ್ಯಕ್ಕೂ ನ್ಯಾಯಯುತವಾದ ಪಾಲು ಸಿಗಬೇಕೆಂಬ ತತ್ತ್ವವನ್ನು 1942ರ ವರದಿ ಎತ್ತಿ ಹಿಡಿಯಿತು. ಕಾವೇರಿಯ ವಿಷಯದಲ್ಲಿ 1892 ಮತ್ತು 1924ರ ಒಪ್ಪಂದಗಳಿಂದ ಮೊದಲ್ಗೊಂಡು ನ್ಯಾಯಾಧಿಕರಣದವರೆಗೆ ನಡೆದುದೆಲ್ಲವನ್ನೂ ನಾವು ಕಣ್ಣಾರೆ ಕಂಡು, ಕಿವಿಯಾರೆ ಕೇಳಿ ಬಲ್ಲೆವು. 2018ರ ಫೆಬ್ರವರಿ 16ರಂದು ಸರ್ವೋಚ್ಚ ನ್ಯಾಯಾಲಯವು ಕರ್ನಾಟಕದ ಪಾಲನ್ನು 270ರಿಂದ 284.75 ಟಿಎಂಸಿಗೆ ಏರಿಸಿ, ತಮಿಳುನಾಡಿನ ಪಾಲನ್ನು 419ರಿಂದ 404.25 ಟಿಎಂಸಿಗೆ ಇಳಿಸಿದಾಗಲೂ ತೂಗಿ ನೋಡಿದ್ದು ಇದೇ ನ್ಯಾಯಯುತ ಹಂಚಿಕೆಯ ತಕ್ಕಡಿಯಲ್ಲಿ. ಎರಡೂ ರಾಜ್ಯಗಳ ಅನ್ನ ಉಂಡಿರುವ ನಮಗೆ, ನೀರಿನ ಜಗಳ ಬೀದಿಯಲ್ಲಿ ತೀರುವುದಲ್ಲ, ತತ್ತ್ವದ ಮೇಲೆ ತೀರಬೇಕು ಎಂಬ ಮಾತಿನ ಬೆಲೆ ಬೇರೆಯವರು ಹೇಳಿಕೊಡಬೇಕಾಗಿಲ್ಲ.

ಅದೇ ಕಾಲದಲ್ಲಿ ಹಿಂದೂ ಕಾನೂನಿನ ಸುಧಾರಣೆಗಾಗಿ ನೇಮಕವಾದ ಸಮಿತಿಗೂ ರಾಯರೇ ಅಧ್ಯಕ್ಷರು. ಮೈಸೂರು ಸಂಸ್ಥಾನವು 1933ರಲ್ಲಿಯೇ ಹಿಂದೂ ಸ್ತ್ರೀಯರ ಹಕ್ಕುಗಳಿಗಾಗಿ ಕಾಯಿದೆ ಮಾಡಿ ದಾರಿ ತೋರಿತ್ತು. ಬ್ರಿಟಿಷ್ ಭಾರತದಲ್ಲಿ ವಿಧವೆಗೂ ಹೆಣ್ಣುಮಕ್ಕಳಿಗೂ ಆಸ್ತಿಯಲ್ಲಿ ಸಮನಾದ ಸ್ಥಾನವಿರಲಿಲ್ಲ. ರಾವ್ ಸಮಿತಿ 1945ರಲ್ಲಿ ಮದರಾಸೂ ಸೇರಿದಂತೆ ನಾನಾ ನಗರಗಳಿಗೆ ಹೋಗಿ ಶಾಸ್ತ್ರಜ್ಞರ, ವಕೀಲರ, ಮಹಿಳಾ ಸಂಘಗಳ ಸಾಕ್ಷ್ಯ ಕೇಳಿತು. ವಿರೋಧ ಕಡಿಮೆಯೇನೂ ಇರಲಿಲ್ಲ. ಸಮಿತಿಯ ಸದಸ್ಯರಲ್ಲೇ ಒಮ್ಮತವಿರಲಿಲ್ಲ. ಆ ಕರಡೇ ಮುಂದೆ ಡಾ. ಅಂಬೇಡ್ಕರ್ ಅವರ ಕೈಯಲ್ಲಿ ಹಿಂದೂ ಸಂಹಿತೆ ಮಸೂದೆಯಾಗಿ ಬೆಳೆದು, 1955 ಮತ್ತು 1956ರಲ್ಲಿ ನಾಲ್ಕು ಕಾಯಿದೆಗಳಾಗಿ ಜಾರಿಗೆ ಬಂದಿತು. ಅದನ್ನು ನೋಡಲು ರಾಯರು ಬದುಕಿರಲಿಲ್ಲ.

1944ರಲ್ಲಿ ಸೇವೆಯಿಂದ ನಿವೃತ್ತರಾದ ಬಳಿಕ ಜಮ್ಮು ಮತ್ತು ಕಾಶ್ಮೀರ ಸಂಸ್ಥಾನದ ಪ್ರಧಾನಮಂತ್ರಿಯಾಗಿ ಕೆಲಕಾಲ ದುಡಿದರು. ಮಹಾರಾಜರೊಡನೆ ಅಭಿಪ್ರಾಯಭೇದ ಬಂದಾಗ 1945ರಲ್ಲಿ ಆ ಹುದ್ದೆಯನ್ನು ಬಿಟ್ಟು ಬಂದರು. ನಂತರ 1946ರಲ್ಲಿ ಬಂದದ್ದೇ ಅವರ ಜೀವನದ ಮುಖ್ಯ ಹೊಣೆ: ಸಂವಿಧಾನ ರಚನಾ ಸಭೆಯ ಸಂವಿಧಾನ ಸಲಹೆಗಾರರ ಸ್ಥಾನ. ಅದಕ್ಕಾಗಿ ಅವರು ವೇತನ ಪಡೆಯಲಿಲ್ಲ. ಸಭೆಯ ಸದಸ್ಯರೂ ಆಗಿರಲಿಲ್ಲ. ಮತ ಹಾಕುವ ಅಧಿಕಾರವಿಲ್ಲ, ಭಾಷಣ ಮಾಡುವ ವೇದಿಕೆಯಿಲ್ಲ. ಜಗತ್ತಿನ ಸಂವಿಧಾನಗಳಿಂದ ಆಯ್ದ ಭಾಗಗಳನ್ನು ಮೂರು ಸಂಪುಟಗಳಾಗಿ ಜೋಡಿಸಿ ಸದಸ್ಯರ ಕೈಗಿತ್ತರು. 1947ರ ಮಾರ್ಚ್‌ನಲ್ಲಿ ಸಂವಿಧಾನದ ಮುಖ್ಯ ಅಂಶಗಳ ಬಗ್ಗೆ ಪ್ರಶ್ನಾವಳಿಯೊಂದನ್ನು ಹಂಚಿದರು. ನ್ಯಾಯಾಲಯದ ಮೂಲಕ ಪಡೆಯಬಹುದಾದ ಹಕ್ಕುಗಳು ಒಂದು ವರ್ಗ, ಸರ್ಕಾರ ಮನಸ್ಸಿನಲ್ಲಿ ಇಟ್ಟುಕೊಂಡು ನಡೆಯಬೇಕಾದ ತತ್ತ್ವಗಳು ಇನ್ನೊಂದು ವರ್ಗ ಎಂಬ ವಿಂಗಡಣೆಯನ್ನು ಐರ್ಲೆಂಡಿನ ಮಾದರಿಯ ಮೇಲೆ ಸೂಚಿಸಿದವರಲ್ಲಿ ಅವರು ಪ್ರಮುಖರು. ಆ ವಿಂಗಡಣೆಯೇ ಇಂದಿನ ಮೂಲಭೂತ ಹಕ್ಕುಗಳು ಮತ್ತು ರಾಜ್ಯ ನಿರ್ದೇಶಕ ತತ್ತ್ವಗಳು.

1947ರ ಅಕ್ಟೋಬರ್‌ನಲ್ಲಿ ಅವರು ಒಪ್ಪಿಸಿದ ಕರಡಿನಲ್ಲಿ 243 ವಿಧಿಗಳೂ 13 ಅನುಸೂಚಿಗಳೂ ಇದ್ದವು. ಅಂಬೇಡ್ಕರ್ ಅಧ್ಯಕ್ಷತೆಯ ಕರಡು ಸಮಿತಿ ಅದನ್ನು ಪರಿಶೀಲಿಸಿ, ತಿದ್ದಿ, ಬೆಳೆಸಿ, 315 ವಿಧಿಗಳೂ 8 ಅನುಸೂಚಿಗಳೂ ಇರುವ ತನ್ನ ಕರಡನ್ನು 1948ರಲ್ಲಿ ಮುಂದಿಟ್ಟಿತು. ಮದರಾಸಿನ ಅಲ್ಲಾಡಿ ಕೃಷ್ಣಸ್ವಾಮಿ ಅಯ್ಯರ್, ಮೈಸೂರಿನ ಮಾಜಿ ದಿವಾನರಾದ ಎನ್. ಮಾಧವ ರಾವ್ ಈ ಸಮಿತಿಯಲ್ಲಿದ್ದರು. ಸಭೆಯಲ್ಲಿ ವಾದವಿವಾದ ಮುಗಿದು ಅಂಗೀಕಾರವಾದಾಗ ವಿಧಿಗಳು 395 ಆಗಿದ್ದವು. ಈಚಿನ ವರ್ಷಗಳಲ್ಲಿ ಸಂವಿಧಾನ ಬರೆದವರು ಅಂಬೇಡ್ಕರ್ ಅಲ್ಲ, ರಾವ್ ಎಂದು ವಾದ ಹೂಡುವವರನ್ನು ಕಾಣುತ್ತೇವೆ. ಇಬ್ಬರು ಮಹನೀಯರನ್ನು ಕುಸ್ತಿಯ ಕಣಕ್ಕೆ ಇಳಿಸುವ ಈ ವಾದ ಇಬ್ಬರಿಗೂ ಅಗೌರವ. 1949ರ ನವೆಂಬರ್ 25ರ ತಮ್ಮ ಭಾಷಣದಲ್ಲಿ ಅಂಬೇಡ್ಕರ್ ಅವರೇ ಈ ಅಂಕಿಗಳನ್ನು ಸಭೆಗೆ ತಿಳಿಸಿ, ಶ್ರೇಯಸ್ಸಿನ ಪಾಲು ರಾಯರಿಗೆ ಸಲ್ಲಬೇಕೆಂದು ಹೇಳಿದ್ದರು. ಮರುದಿನ ರಾಜೇಂದ್ರ ಪ್ರಸಾದರೂ ರಾಯರ ನಿಸ್ವಾರ್ಥ ಸೇವೆಯನ್ನು ಕೊಂಡಾಡಿದರು. ಅಡಿಪಾಯದ ನಕ್ಷೆ ಬರೆದವನು ಬೇರೆ. ಪ್ರತಿ ಕಲ್ಲಿಗೂ ಸಭೆಯಲ್ಲಿ ಉತ್ತರ ಕೊಟ್ಟು, ವಿರೋಧವನ್ನು ಎದುರಿಸಿ ಮನೆಯನ್ನು ನಿಲ್ಲಿಸಿದವನು ಬೇರೆ. ಮನೆಗೆ ಇಬ್ಬರೂ ಬೇಕು.

ರಾಯರ ಸಲಹೆಗಳೆಲ್ಲವೂ ಪ್ರಶ್ನಾತೀತವಾಗಿರಲಿಲ್ಲ ಎಂಬುದನ್ನೂ ಹೇಳಬೇಕು. 1947ರ ಕೊನೆಯಲ್ಲಿ ಅವರು ಅಮೆರಿಕ, ಕೆನಡಾ, ಐರ್ಲೆಂಡ್, ಇಂಗ್ಲೆಂಡ್‌ಗಳಿಗೆ ಹೋಗಿ ಅಲ್ಲಿಯ ನ್ಯಾಯವಿದರನ್ನು ಕಂಡುಬಂದರು. ಜನರು ಆರಿಸಿದ ಶಾಸನಸಭೆ ಮಾಡಿದ ಕಾಯಿದೆಯನ್ನು ನ್ಯಾಯಾಧೀಶರು ಸರಿಯಾದ ಪ್ರಕ್ರಿಯೆಯ ಹೆಸರಿನಲ್ಲಿ ತಳ್ಳಿಹಾಕುವುದು ಪ್ರಜಾತಂತ್ರಕ್ಕೆ ಒಪ್ಪುವಂಥದ್ದಲ್ಲವೆಂದು ಅಮೆರಿಕದ ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿ ಫೆಲಿಕ್ಸ್ ಫ್ರಾಂಕ್‌ಫರ್ಟರ್ ಅಭಿಪ್ರಾಯಪಟ್ಟರು. ರಾಯರಿಗೆ ಅದು ಸರಿಯೆನಿಸಿತು. ಕೊನೆಗೆ 21ನೆಯ ವಿಧಿಯಲ್ಲಿ ಉಳಿದದ್ದು ಜಪಾನಿನ ಸಂವಿಧಾನದ ಜಾಡಿನಲ್ಲಿ, ಕಾನೂನು ಗೊತ್ತುಪಡಿಸಿದ ಕಾರ್ಯವಿಧಾನವೆಂಬ ಮಾತು. ಕಾಯಿದೆಯೊಂದು ಇದ್ದರೆ ಸಾಕು, ಆ ಕಾಯಿದೆ ನ್ಯಾಯವಾಗಿದೆಯೇ ಎಂದು ಕೇಳುವಂತಿಲ್ಲ ಎಂಬ ಅರ್ಥಕ್ಕೆ ಅದು ಎಡೆಮಾಡಿತು.

ಅದರ ಮೊದಲ ದೊಡ್ಡ ಪರೀಕ್ಷೆ ನಡೆದದ್ದು ಮದರಾಸಿನ ಪ್ರಕರಣವೊಂದರಲ್ಲಿ. ಮದರಾಸು ಸರ್ಕಾರ ಮುಂಜಾಗ್ರತಾ ಬಂಧನದಲ್ಲಿಟ್ಟಿದ್ದ ಕಮ್ಯುನಿಸ್ಟ್ ನಾಯಕ ಎ.ಕೆ. ಗೋಪಾಲನ್ ಸರ್ವೋಚ್ಚ ನ್ಯಾಯಾಲಯದ ಮೊರೆಹೊಕ್ಕರು. ಮುಂದೆ ನಮ್ಮ ಕಾಸರಗೋಡಿನಿಂದಲೇ ಲೋಕಸಭೆಗೆ ಆಯ್ಕೆಯಾಗಿ ಬಂದವರು ಅವರು. 1950ರ ಮೇ 19ರಂದು ನ್ಯಾಯಾಲಯದ ಬಹುಮತ ಆ ಮಾತುಗಳನ್ನು ಅಕ್ಷರಶಃ ಓದಿ ಬಂಧನದ ಕಾಯಿದೆಯನ್ನು ಬಹುಮಟ್ಟಿಗೆ ಎತ್ತಿಹಿಡಿಯಿತು. ನ್ಯಾಯಮೂರ್ತಿ ಫಜಲ್ ಅಲಿ ಭಿನ್ನಮತ ಬರೆದರು. 1978ರಲ್ಲಿ ಮೇನಕಾ ಗಾಂಧಿ ಪ್ರಕರಣದ ತೀರ್ಪು ಬಂದ ಮೇಲೆಯೇ, ಆ ಕಾರ್ಯವಿಧಾನ ನ್ಯಾಯಯುತವೂ ವಿವೇಚನಾಯುಕ್ತವೂ ಆಗಿರಬೇಕೆಂಬ ಅರ್ಥ ನೆಲೆಗೊಂಡದ್ದು. ನಡುವಿನ 28 ವರ್ಷಗಳಲ್ಲಿ, ತುರ್ತುಪರಿಸ್ಥಿತಿಯೂ ಸೇರಿದಂತೆ, ಸೆರೆಮನೆಯ ಒಳಗಿದ್ದವರಿಗೆ ಕರಡುಗಾರನ ಒಂದು ಪದದ ತೂಕ ಎಷ್ಟೆಂದು ತಿಳಿದಿತ್ತು. ಶಾಸನಸಭೆ ಒಳ್ಳೆಯದನ್ನೇ ಮಾಡುತ್ತದೆಂಬ ನಂಬಿಕೆ ರಾಯರದು. ಆ ನಂಬಿಕೆ ಎಲ್ಲ ಕಾಲದಲ್ಲಿಯೂ ಫಲಿಸಲಿಲ್ಲ.

ಭಾರತದ ಕರಡಿನ ಜೊತೆಜೊತೆಗೇ ನೆರೆಯ ದೇಶದ ಕೆಲಸವೂ ಅವರ ಮೇಜಿನ ಮೇಲಿತ್ತು. 1947ರಲ್ಲಿ ಬರ್ಮಾದ ಸಂವಿಧಾನ ಸಲಹೆಗಾರ ಊ ಚಾನ್ ಟೂನ್ ದೆಹಲಿಗೆ ಬಂದು ರಾಯರ ನೆರವು ಪಡೆದು ಕರಡು ಸಿದ್ಧಪಡಿಸಿದರು. ಆ ಜುಲೈ 19ರಂದು ಬರ್ಮಾದ ನಾಯಕ ಆಂಗ್ ಸಾನ್ ಕೊಲೆಯಾದರೂ ಕೆಲಸ ನಿಲ್ಲಲಿಲ್ಲ. ಸೆಪ್ಟೆಂಬರ್ 24ರಂದು ರಂಗೂನಿನ ಸಭೆ ಸಂವಿಧಾನವನ್ನು ಅಂಗೀಕರಿಸಿತು. 1948ರ ಜನವರಿ 4ರಂದು ದೇಶ ಸ್ವತಂತ್ರವಾಯಿತು. ನಾಗರಿಕರ ಹಕ್ಕುಗಳು, ಸ್ವತಂತ್ರ ಸರ್ವೋಚ್ಚ ನ್ಯಾಯಾಲಯ, ನಿರ್ದೇಶಕ ತತ್ತ್ವಗಳು ಎಲ್ಲವೂ ಅದರಲ್ಲಿದ್ದವು. ಒಂದು ದೇಶ ಇನ್ನೊಂದು ದೇಶಕ್ಕೆ ಕಾನೂನಿನ ಆಳ್ವಿಕೆ ಕಟ್ಟಿಕೊಳ್ಳಲು ನೆರವಾಗುವುದು ಇಂದು ವಿಶ್ವಸಂಸ್ಥೆಯ ನಿತ್ಯದ ಕಾರ್ಯಕ್ರಮ. ಆ ಮಾತು ಚಾಲ್ತಿಗೆ ಬರುವ ಮೊದಲೇ, ದೊಡ್ಡ ಕಚೇರಿಯಾಗಲಿ ಧನಸಹಾಯವಾಗಲಿ ಇಲ್ಲದೆ, ರಾಯರು ಅದನ್ನು ಮಾಡಿದ್ದರು.

1949ರಲ್ಲಿ ಅವರು ವಿಶ್ವಸಂಸ್ಥೆಯಲ್ಲಿ ಭಾರತದ ಕಾಯಂ ಪ್ರತಿನಿಧಿಯಾದರು. ಅದೇ ವರ್ಷ ಮೊದಲ ಬಾರಿ ಸೇರಿದ ಅಂತರರಾಷ್ಟ್ರೀಯ ಕಾನೂನು ಆಯೋಗದ ಸದಸ್ಯರೂ ಆದರು. ಇಟಲಿಯ ಹಳೆಯ ವಸಾಹತುಗಳ ಭವಿಷ್ಯದ ಚರ್ಚೆ ಆಗ ನಡೆದಿತ್ತು. ಸೊಮಾಲಿಯಾವನ್ನು ಹತ್ತು ವರ್ಷಗಳ ಕಾಲ ಇಟಲಿಯ ಮೇಲ್ವಿಚಾರಣೆಗೆ ಒಪ್ಪಿಸುವುದೆಂದು ಗೊತ್ತಾಯಿತು. ನಿನ್ನೆಯವರೆಗೆ ಒಡೆಯನಾಗಿದ್ದವನ ಕೈಗೆ ಮತ್ತೆ ಜನರನ್ನು ಒಪ್ಪಿಸುವಾಗ ಅವರಿಗೆ ರಕ್ಷಣೆಯೇನು? ಭಾರತದ ನಿಯೋಗ ಇದಕ್ಕೆ ಲಿಖಿತ ಉತ್ತರವನ್ನೇ ಮುಂದಿಟ್ಟಿತು: ಮೇಲ್ವಿಚಾರಣೆಯ ಒಪ್ಪಂದಕ್ಕೆ ಸಾಂವಿಧಾನಿಕ ತತ್ತ್ವಗಳ ಘೋಷಣೆಯೊಂದು ಅಂಟಿಕೊಂಡಿರಬೇಕು; ನಿವಾಸಿಗಳ ಹಕ್ಕುಗಳೂ ಸ್ವಯಮಾಡಳಿತದ ದಾರಿಯೂ ಅದರಲ್ಲಿ ಬರೆದಿರಬೇಕು. 1949ರ ನವೆಂಬರ್ 21ರಂದು ಸಾಮಾನ್ಯ ಸಭೆ ಅದನ್ನು ಒಪ್ಪಿ, ಭಾರತದ ಕರಡನ್ನೇ ಮಾರ್ಗದರ್ಶಿಯಾಗಿ ಇಟ್ಟುಕೊಳ್ಳುವಂತೆ ಸೂಚಿಸಿತು. 1960ರ ಜುಲೈ 1ರಂದು ಸೊಮಾಲಿಯಾ ಸ್ವತಂತ್ರವಾಯಿತು.

1950ರ ಜೂನ್ ತಿಂಗಳಲ್ಲಿ ಭದ್ರತಾ ಮಂಡಳಿಯ ಅಧ್ಯಕ್ಷಸ್ಥಾನದ ಸರದಿ ಭಾರತದ್ದು. ಜೂನ್ 25ರಂದು ಕೊರಿಯಾದಲ್ಲಿ ಯುದ್ಧ ಸಿಡಿದ ದಿನ ಆ ಪೀಠದಲ್ಲಿದ್ದವರು ರಾಯರು. ಅಂದಿನ ನಿರ್ಣಯಕ್ಕೆ ಭಾರತ ಮತ ನೀಡಿತು. ಎರಡು ದಿನಗಳ ನಂತರದ ನಿರ್ಣಯದ ವೇಳೆ ದೆಹಲಿಯ ಸೂಚನೆ ಬಾರದ ಕಾರಣ ಮತದಾನದಲ್ಲಿ ಭಾಗವಹಿಸಲಿಲ್ಲ. ಡಿಸೆಂಬರ್‌ನಲ್ಲಿ ಯುದ್ಧವಿರಾಮದ ದಾರಿ ಹುಡುಕಲು ನೇಮಿಸಿದ ಮೂವರ ತಂಡದಲ್ಲಿ ಇರಾನಿನ ಎಂತೆಜಾಮ್, ಕೆನಡಾದ ಲೆಸ್ಟರ್ ಪಿಯರ್ಸನ್ ಅವರೊಂದಿಗೆ ರಾಯರೂ ಇದ್ದರು. ಆ ಪ್ರಯತ್ನ ಅಂದು ಕೈಗೂಡಲಿಲ್ಲ. ಕದನವಿರಾಮ ಬಂದದ್ದು 1953ರ ಜುಲೈನಲ್ಲಿ.

1952ರ ಆರಂಭದಲ್ಲಿ ರಾಯರು ಹೇಗ್ ನಗರದ ಅಂತರರಾಷ್ಟ್ರೀಯ ನ್ಯಾಯಾಲಯದ ನ್ಯಾಯಾಧೀಶರಾದರು. ಆ ಪೀಠಕ್ಕೆ ಆಯ್ಕೆಯಾದ ಮೊದಲ ಭಾರತೀಯರು ಅವರು. ಆದರೆ ಎರಡು ವರ್ಷ ತುಂಬುವ ಮೊದಲೇ, 1953ರ ನವೆಂಬರ್ 30ರಂದು, ಸ್ವಿಟ್ಜರ್‌ಲೆಂಡಿನ ಜ್ಯೂರಿಚ್‌ನಲ್ಲಿ ನಿಧನರಾದರು. ಆಗ ಅವರಿಗೆ 66 ವರ್ಷ. 1988ರಲ್ಲಿ ಭಾರತ ಸರ್ಕಾರ ಅವರ ನೆನಪಿಗೆ ಅಂಚೆಚೀಟಿ ಹೊರಡಿಸಿತು.

ಅವರು ಕೈಹಚ್ಚಿದ ಬರಹಗಳು ಮುಂದೆ ಏನಾದವು? 1962ರ ಮಾರ್ಚ್ 2ರಂದು ಸೇನಾಪತಿ ನೆ ವಿನ್ ಬರ್ಮಾದ ಅಧಿಕಾರವನ್ನು ಕಿತ್ತುಕೊಂಡಾಗ 1947ರ ಸಂವಿಧಾನ ಮೂಲೆಗುಂಪಾಯಿತು. ಅಂಗಡಿಮುಂಗಟ್ಟುಗಳು ಸರ್ಕಾರದ ಪಾಲಾದವು. ತಲೆಮಾರುಗಳಿಂದ ಅಲ್ಲಿ ನೆಲೆಸಿದ್ದ ಭಾರತೀಯರು ಬರಿಗೈಯಲ್ಲಿ ಹಡಗು ಹತ್ತಿ ಮದರಾಸಿನ ಬಂದರಿಗೆ ಬಂದಿಳಿದರು. ಅವರಲ್ಲಿ ಹಲವರು ಬದುಕು ಕಟ್ಟಿಕೊಂಡ ಸ್ಥಳವೇ ಪ್ಯಾರಿಸ್ ಕಾರ್ನರ್ ಬಳಿಯ ಬರ್ಮಾ ಬಜಾರ್. ಸೊಮಾಲಿಯಾದಲ್ಲಿಯೂ 1969ರಲ್ಲಿ ಸೈನ್ಯ ಅಧಿಕಾರ ಹಿಡಿದು ಸಂವಿಧಾನವನ್ನು ಬದಿಗೊತ್ತಿತು. ನಮ್ಮ ಸಂವಿಧಾನ ಮಾತ್ರ ಪೆಟ್ಟು ತಿಂದರೂ ಬಿದ್ದುಹೋಗಲಿಲ್ಲ.

ಕರಡು ಬರೆದ ಕೈ ಒಂದೇ ಆದರೂ ಫಲ ಬೇರೆಬೇರೆಯಾಯಿತು. ಬರಹ ಎಷ್ಟೇ ಚೊಕ್ಕಟವಾಗಿರಲಿ, ಅದನ್ನು ಕಾಯುವ ನ್ಯಾಯಾಲಯ, ಪ್ರಶ್ನಿಸುವ ಪತ್ರಿಕೆ, ಚುನಾವಣೆಯಲ್ಲಿ ಸೋತಾಗ ಕುರ್ಚಿ ಬಿಟ್ಟು ಇಳಿಯುವ ರಾಜಕಾರಣಿ, ತನ್ನ ಹಕ್ಕನ್ನು ಕೇಳಿ ಪಡೆಯುವ ಸಾಮಾನ್ಯ ಪ್ರಜೆ ಇವರೆಲ್ಲ ಇಲ್ಲದೆ ಅದು ಬರಿಯ ಕಾಗದ. ಹೊರಗಿನವರು ಎಷ್ಟು ಒಳ್ಳೆಯ ಕರಡು ಬರೆದುಕೊಟ್ಟರೂ ಕಾನೂನಿನ ಆಳ್ವಿಕೆಯನ್ನು ಬೆಳೆಸಬೇಕಾದವರು ಆ ಊರಿನವರೇ. ಇದನ್ನು ತಿಳಿಯಲು ದೂರ ಹೋಗಬೇಕಿಲ್ಲ. ರಾಜಾಜಿ ಸಾಲೈಯ ಆಸುಪಾಸಿನಲ್ಲಿಯೇ ದಕ್ಷಿಣ ಕನ್ನಡದ ವ್ಯಾಜ್ಯಗಳನ್ನು ಒಂದು ಕಾಲಕ್ಕೆ ತೀರ್ಮಾನಿಸಿದ ಉಚ್ಚ ನ್ಯಾಯಾಲಯವೂ ಇದೆ, ರಾಯರ ತಮ್ಮ ನಡೆಸಿದ ರಿಸರ್ವ್ ಬ್ಯಾಂಕಿನ ಕಚೇರಿಯೂ ಇದೆ, ಬರ್ಮಾ ಬಜಾರೂ ಇದೆ.

ನವೆಂಬರ್ ಬಂದರೆ ನಾವು ಚೆನ್ನೈ ಕನ್ನಡಿಗರು ರಾಜ್ಯೋತ್ಸವ ಆಚರಿಸುತ್ತೇವೆ. ಅದೇ ತಿಂಗಳ 26 ಸಂವಿಧಾನ ಅಂಗೀಕಾರವಾದ ದಿನ, 30 ರಾಯರು ತೀರಿಕೊಂಡ ದಿನ. ನಮ್ಮ ಕರಾವಳಿಯಿಂದ ಮದರಾಸಿಗೆ ಓದಲು ಬಂದು, ಸದ್ದಿಲ್ಲದೆ ಮೂರು ದೇಶಗಳ ಜನರ ಹಕ್ಕಿಗಾಗಿ ಲೇಖನಿ ಹಿಡಿದ ಈ ಹಿರಿಯರನ್ನು ಆ ತಿಂಗಳ ಒಂದು ಸಂಜೆ ನಮ್ಮ ಮಕ್ಕಳಿಗೆ ಪರಿಚಯಿಸುವುದು ಉಚಿತ.